ಟಾಂಜಾನಿಯಾದಿಂದ ಬಂದ ಮೇಲೆ ಗಂಟಲು ನೋವು

ಪ್ರಶ್ನೆ: ಡಾಕ್ಟರ್ ಅಕ್ಕಾರಿಗೆ ನಮಸ್ಕಾರ. ನಾನು ವಿಜಯಪುರ ಜಿಲ್ಲೆ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ, ವಯಸ್ಸು 58. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿರುವ ಮಗನ ಹತ್ತಿರ 3 ವಾರ ಇದ್ದು ಬಂದೆ. ಬಂದು 6 ದಿನ ಆಯಿತು. ಗಂಟಲು ಬಹಳ ನೋವು. ರೊಟ್ಟಿ ನುಂಗಿದರೆ ಎದೆ ನಡುವೆ ಉರಿಯುತ್ತದೆ. ಕೆಮ್ಮು, ನೆಗಡಿ ಇಲ್ಲ. ನಿನ್ನೆ ಸಂಜೆ ಮೈ ಬಿಸಿ ಅನ್ನಿಸಿತು. ಮಲೇರಿಯಾ ಬರದಿರಲಿ ಅಂತ ಕೊಟ್ಟ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ರಾತ್ರಿ ಮಲಗುವಾಗ ಒಂದು ಗುಟುಕು ನೀರಲ್ಲಿ ನುಂಗುತ್ತಿದ್ದೆ. ಊರಿಗೆ ಬಂದೆನಲ್ಲ ಅಂತ ಮೊನ್ನೆ ಬಿಟ್ಟೆ. ಇದು ವಿಮಾನದ ಏಸಿಯಿಂದ ಆದದ್ದೇ?

ಉತ್ತರ: ಅಣ್ಣಾರೇ, ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ ರಕ್ತ ಪರೀಕ್ಷೆಗೆ ಹೋಗಲು ಹೇಳಿದೆ. ಯಾಕೆ ಅಂತ ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಹೆದರಿಕೆ ಆದದ್ದು ಗಂಟಲಿಗಲ್ಲ, ಆ ಸಂಜೆಯ ಬಿಸಿಗೆ. ಆಫ್ರಿಕಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪಾರಮ್ ಎಂಬ ಬಗೆಯ ಮಲೇರಿಯಾ. ಸೊಳ್ಳೆ ಕಚ್ಚಿದ ಒಂದು ವಾರದ ನಂತರ, ಸಾಮಾನ್ಯವಾಗಿ ತಿಂಗಳೊಳಗೆ ಜ್ವರ ಬರುತ್ತದೆ. ತಡ ಮಾಡಿದರೆ ಜೀವಕ್ಕೇ ಅಪಾಯ. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಮುಂದಿನ ಎರಡು ದಿನ ಮತ್ತೆ ಮಾಡಿಸಬೇಕು. ಡೆಂಗಿಯನ್ನೂ ನೋಡಿಸಿ. ಅದು ಇಲ್ಲ ಅಂತ ಗೊತ್ತಾಗುವ ತನಕ ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಡಾಕ್ಟರ ಮುಂದೆ ಕೂತ ಕೂಡಲೇ "ಆಫ್ರಿಕಾದಿಂದ ಬಂದೆ" ಅನ್ನಿ, ಗಂಟಲಿನ ಮಾತು ಆಮೇಲೆ.

ಈಗ ಗಂಟಲು. ವಿಮಾನದ ಒಣ ಗಾಳಿಗೆ ಗಂಟಲು ಕೆರೆಯುತ್ತದೆ ನಿಜ, ಆದರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಪ್ರಯಾಣದ ನಂತರದ ಗಂಟಲು ನೋವು ಹೆಚ್ಚಾಗಿ ವೈರಸ್‌ನಿಂದ, ಜೊತೆಗೆ ಮೂಗು ಸೋರುತ್ತದೆ. ನಿಮಗೆ ಅದಿಲ್ಲ. ನುಂಗುವಾಗ ಎದೆ ನಡುವೆ ಉರಿ ಅಂದಿರಲ್ಲ, ನನಗೆ ಅನುಮಾನ ಆ ಗುಳಿಗೆಯ ಮೇಲೆಯೇ. ಕಡಿಮೆ ನೀರಲ್ಲಿ ನುಂಗಿ ಮಲಗಿದರೆ ಡಾಕ್ಸಿಸೈಕ್ಲಿನ್ ಅನ್ನನಾಳದಲ್ಲಿ ಅಂಟಿಕೊಂಡು ಅಲ್ಲೇ ಹುಣ್ಣು ಮಾಡುತ್ತದೆ. ಮೊಡವೆಗೆ ಇದೇ ಗುಳಿಗೆ ತೆಗೆದುಕೊಳ್ಳುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಉಗುಳು ನುಂಗಲೂ ಆಗದೆ ಅಳುತ್ತಾ ನನ್ನ ಹತ್ತಿರ ಬಂದಿದ್ದಳು. ಎರಡು ವಾರದಲ್ಲಿ ಸರಿಹೋದಳು.

ಹಾಗಂತ ಸುಮ್ನೆ ಗುಳಿಗೆ ಬಿಡುವುದೂ ತಪ್ಪು. ಅಲ್ಲಿಂದ ಹೊರಟ ಮೇಲೂ 4 ವಾರ ತೆಗೆದುಕೊಳ್ಳಬೇಕಾದ ಔಷಧ ಅದು. ಹುಣ್ಣು ಜಾಸ್ತಿ ಇದ್ದರೆ ಬದಲಿಗೆ ಏನು ಅಂತ ಡಾಕ್ಟರೇ ಹೇಳಬೇಕು. ಇದನ್ನೇ ಮುಂದುವರಿಸಿ ಅಂದರೆ ಊಟದ ಜೊತೆ, ತುಂಬಿದ ಲೋಟ ನೀರಲ್ಲಿ ನುಂಗಿ. ಅರ್ಧ ಗಂಟೆಯಾದರೂ ಮಲಗಬೇಡಿ. ಆಸಿಡಿಟಿಯ ಜೆಲ್ ಕುಡಿಯುವುದಿದ್ದರೆ ಗುಳಿಗೆಗೂ ಅದಕ್ಕೂ ಎರಡು ಮೂರು ಗಂಟೆ ಅಂತರವಿರಲಿ.

ಟಾರ್ಚ್ ಹಿಡಿದು ಗಂಟಲನ್ನೂ ನೋಡಿಸಿ. ಟಾನ್ಸಿಲ್ ಮೇಲೆ ಕೀವು, ಕುತ್ತಿಗೆಯಲ್ಲಿ ನೋಯುವ ಗಂಟು ಇದ್ದರೆ ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದ ಸೋಂಕು ಇರಬಹುದು. ಬೂದು ಬಣ್ಣದ ಪೊರೆ ಕಂಡರೆ ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಇರಬಹುದು. ಆಗ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ.

ಗಂಟಲು ವಾಸಿಯಾಗುವ ತನಕ ಕಟಕ್ ರೊಟ್ಟಿ, ಕೆಂಪು ಚಟ್ನಿ ಬೇಡ. ತಣ್ಣಗಿನ ಜೋಳದ ಅಂಬಲಿ, ಮೆತ್ತಗಿನ ಮಜ್ಜಿಗೆ ಅನ್ನ ಉಣ್ಣಿ. ರಕ್ತದ ವರದಿ ಬಂದ ತಕ್ಷಣ ನನಗೊಂದು ಫೋನ್ ಮಾಡಿ.