ಬೆಂಡೆಕಾಯಿ ಅಚ್ಚು, ಅರಿಸಿನದ ಕಾಗದ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕು ವರ್ಷದ ಮಗಳಿಗೆ ಬೆಂಡೆಕಾಯಿ ಅಚ್ಚು ಹಾಕಲು ಕೊಟ್ಟರೆ ಹೂವಿನ ಬದಲು ಬಣ್ಣದ ಮುದ್ದೆ ಬೀಳುತ್ತದೆ. ಯಾಕೆ?
– ಓದುಗರೊಬ್ಬರು, ಹಾಸನ

ಉತ್ತರ: ಕಾಯಿಯ ಲೋಳೆ ಒಂದು ಕಾರಣ, ಬಣ್ಣ ಹೆಚ್ಚಾಗುವುದು ಇನ್ನೊಂದು. ಪಲ್ಯಕ್ಕಾಗದೆ ಉಳಿಯುವ ಬಲಿತ ಕಾಯಿಯನ್ನೇ ಆರಿಸಿ. ಎಳೆಯದು ಒತ್ತಿದೊಡನೆ ಜಜ್ಜಿಹೋಗುತ್ತದೆ. ತೊಟ್ಟಿನಿಂದ ಎರಡು ಇಂಚು ಬಿಟ್ಟು, ಹರಿತವಾದ ಚಾಕುವಿನಿಂದ ಒಂದೇ ಸಲಕ್ಕೆ ನೇರವಾಗಿ ನೀವೇ ಕತ್ತರಿಸಿಕೊಡಿ. ಮುಖ ಓರೆಯಾದರೆ ಒಂದೆರಡು ಎಸಳು ಮೂಡುವುದೇ ಇಲ್ಲ. ತೊಟ್ಟು ಇರಲಿ, ಮಗುವಿಗೆ ಹಿಡಿಯಾಗುತ್ತದೆ. ಕತ್ತರಿಸಿದ ಮುಖವನ್ನು ಹಳೆ ಬಟ್ಟೆಯ ಮೇಲೆ ಕವುಚಿ ಕಾಲು ಗಂಟೆ ಬಿಡಿ. ಲೋಳೆ ಬಟ್ಟೆಗೆ ಹೋಗುತ್ತದೆ. ಹೊರಗೆ ಚಾಚಿರುವ ಬೀಜಗಳನ್ನು ಕಡ್ಡಿಯಿಂದ ತೆಗೆಯಿರಿ.

ಬಣ್ಣದ ಬಟ್ಟಲಿಗೆ ಕಾಯಿ ಅದ್ದಿಸಬೇಡಿ. ತಟ್ಟೆಯಲ್ಲಿ ಒದ್ದೆ ಮಾಡಿ ಹಿಂಡಿದ ಸ್ಪಂಜು ಇಟ್ಟು, ಒಂದು ಚಮಚ ಪೋಸ್ಟರ್ ಬಣ್ಣವನ್ನು ನೀರು ಬೆರೆಸದೆ ಸವರಿ. ಮಗು ಸ್ಪಂಜಿಗೊಮ್ಮೆ, ಕಾಗದಕ್ಕೊಮ್ಮೆ ಒತ್ತಲಿ. ಒತ್ತಿ ನೇರ ಎತ್ತಬೇಕು, ಎಳೆದರೆ ಹೂವು ಕದಡುತ್ತದೆ. ಕಾಗದದಡಿ ನಾಲ್ಕು ಮಡಿಕೆ ದಿನಪತ್ರಿಕೆ ಹಾಸಿದರೆ ಎಸಳುಗಳೆಲ್ಲ ಸಮನಾಗಿ ಮೂಡುತ್ತವೆ. ಸಾಮಾನ್ಯವಾಗಿ ಮೊದಲ ಅಚ್ಚು ದಪ್ಪ. ಬಣ್ಣ ತುಂಬದೆ ಒತ್ತಿದ ಎರಡನೆಯದರಲ್ಲಿ ಬೀಜದ ಮನೆಗಳೂ ಕಾಣುತ್ತವೆ.

ದಯವಿಟ್ಟು ಮೊದಲೇ ಗಿಡ ಬರೆದುಕೊಟ್ಟು ‘ಇಲ್ಲೇ ಹೂವು ಒತ್ತು’ ಅನ್ನಬೇಡಿ. ಎಲ್ಲಿ ಒತ್ತಬೇಕೆಂದು ಅವಳೇ ನಿರ್ಧರಿಸಲಿ.

ಪ್ರಶ್ನೆ: ಅಂಗಡಿಯ ಬಣ್ಣವಿಲ್ಲದೆ ಐದಾರು ವರ್ಷದವರಿಗೆ ಏನು ಮಾಡಿಸಬಹುದು?
– ಅಂಗನವಾಡಿ ಕಾರ್ಯಕರ್ತೆ, ಗದಗ

ಉತ್ತರ: ಅರಿಸಿನದ ಕಾಗದ ಮಾಡಿಸಿ. ಎರಡು ಚಮಚ ಅರಿಸಿನವನ್ನು ಮೂರು ನಾಲ್ಕು ಚಮಚ ನೀರಿನಲ್ಲಿ ಕಲಸಿ, ಡ್ರಾಯಿಂಗ್ ಹಾಳೆಗೆ ಹತ್ತಿಯಿಂದ ತೆಳುವಾಗಿ ಬಳಿದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಅರಿಸಿನ ಮಾಸುತ್ತದೆ. ನುಣುಪು ಕ್ಯಾಲೆಂಡರ್ ಹಾಳೆಯಾದರೆ ಬಣ್ಣ ಹಿಡಿಯದೆ ಉದುರುತ್ತದೆ. ಒಣಗಿದ ಮೇಲೆ ಪುಡಿ ಕೊಡವಿ, ಒಂದು ಚಮಚ ಅಡುಗೆ ಸೋಡಾ ಕರಗಿಸಿದ ಕಾಲು ಲೋಟ ನೀರಿನಲ್ಲಿ ಕಿವಿಕಡ್ಡಿ ಅದ್ದಿ ಬರೆಯಲಿ. ಗೆರೆ ಕೆಂಪಾಗುತ್ತದೆ. ನಿಂಬೆರಸ ತಾಗಿಸಿದರೆ ಮತ್ತೆ ಹಳದಿ!

ಆರತಿಯ ಕೆಂಪು ನೀರಿಗೂ ಇದೇ ಗುಣ ಕಾರಣ. ಆದರೆ ಅದಕ್ಕೆ ಹಾಕುವ ಸುಣ್ಣ ಕಣ್ಣನ್ನು ಸುಡಬಲ್ಲದು, ಮಕ್ಕಳ ಕೈಗೆ ಬೇಡವೇ ಬೇಡ. ಬೇಕಿಂಗ್ ಪೌಡರ್ ಕೂಡ ಆಗದು. ಅದರಲ್ಲಿ ಹುಳಿಯ ಅಂಶವೂ ಇರುವುದರಿಂದ ಬಣ್ಣ ಸರಿಯಾಗಿ ತಿರುಗುವುದಿಲ್ಲ. ಅಂಗಿಗೆ ಕಲೆಯಾದರೆ ಸೋಪು ಹಾಕಿದಾಗ ಕೆಂಪಾಗುತ್ತದೆ, ಗಾಬರಿ ಬೇಡ. ಜಾಲಿಸಿ ಬಿಸಿಲಿಗೆ ಹಾಕಿ.

ಪ್ರಶ್ನೆ: ಆಟದ ಹಿಟ್ಟು ಮಳೆಗಾಲದಲ್ಲಿ ಕೈಗೆ ಅಂಟುತ್ತದೆ.
– ಓದುಗರೊಬ್ಬರು, ಉಡುಪಿ

ಉತ್ತರ: ಹಿಟ್ಟಿನ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಎರಡು ಲೋಟ ಮೈದಾಕ್ಕೆ ಅರ್ಧ ಲೋಟ ಪುಡಿ ಉಪ್ಪು, ಎರಡು ಚಮಚ ಎಣ್ಣೆ ಸಾಕು. ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಅಂಟಿದರೆ ಒಂದೊಂದೇ ಚಮಚ ಮೈದಾ ಸೇರಿಸಿ. ಆಟ ಮುಗಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ, ಹುಳಿ ವಾಸನೆ ಬಂದರೆ ಎಸೆಯಿರಿ. ಉಪ್ಪು ಹೆಚ್ಚಿರುವುದರಿಂದ ಚಿಕ್ಕವರು ಬಾಯಿಗೆ ಹಾಕಿಕೊಳ್ಳದಂತೆ ಜೊತೆಗೇ ಕೂತಿರಿ.