ಹೌಸಿಂಗ್ ಕೂಗುತ್ತಿದೆ, ಕ್ರೌನ್-ಪಿನಿಯನ್ ಬದಲಿಸಬೇಕಾ?

ಪ್ರಶ್ನೆ: ನನ್ನ ಹತ್ತಿರ 1994ರ ಕಾಂಟೆಸ್ಸಾ ಕಾರು ಇದೆ, ಇಸುಜು 1.8 ಪೆಟ್ರೋಲ್ ಎಂಜಿನ್ನಿನದು. ಹಿಂದಿನ ಹೌಸಿಂಗ್‌ನಿಂದ (ಹಿಂದಿನ ಚಕ್ರಗಳನ್ನು ತಿರುಗಿಸುವ ಕ್ರೌನ್-ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ ಇರುವ ಕವಚ) ಆಯಿಲ್ ತೊಟ್ಟಿಕ್ಕುತ್ತಿತ್ತು ಅಂತ ಮೂರು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಪಿನಿಯನ್ ಆಯಿಲ್ ಸೀಲ್ ಹಾಕಿಸಿದೆ. ಸೋರುವುದು ನಿಂತಿತು. ಆದರೆ ಅವತ್ತಿನಿಂದ 60 ದಾಟಿದರೆ ಸಾಕು, ಹಿಂದಿನಿಂದ ‘ಊಂ’ ಅಂತ ಕೂಗು. ಆಕ್ಸಿಲರೇಟರ್ ಬಿಟ್ಟರೆ ಸ್ವರ ಬದಲಾಗುತ್ತದೆ. ಕ್ರೌನ್-ಪಿನಿಯನ್ ಹೋಗಿದೆ, ಸೆಟ್ಟೇ ಬದಲಿಸಿ ಅನ್ನುತ್ತಾರೆ. ಏನು ಮಾಡಲಿ ಸರ್?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಸೆಟ್ಟಿಗೆ ಈಗಲೇ ದುಡ್ಡು ಕೊಡಬೇಡಿ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ‘ಅವತ್ತಿನಿಂದ’ ಅನ್ನುವ ಒಂದು ಮಾತು. ಸೀಲ್ ಹಾಕುವ ತನಕ ಸುಮ್ಮನಿದ್ದ ಹೌಸಿಂಗ್ ಸೀಲ್ ಹಾಕಿದ ಮೇಲೆ ಕೂಗಿತು ಅಂದರೆ ನನ್ನ ಅನುಮಾನ ಹಲ್ಲುಗಳ ಮೇಲಲ್ಲ, ಜೋಡಿಯಲ್ಲಿ ಚಿಕ್ಕದಾದ ಪಿನಿಯನ್ನಿನ ನಟ್ ಮೇಲೆ.

ಆ ಸೀಲ್ ಬದಲಿಸಬೇಕಾದರೆ ಎಂಜಿನ್ ಕಡೆಯಿಂದ ಬರುವ ಉದ್ದನೆ ಪ್ರೊಪೆಲ್ಲರ್ ಶಾಫ್ಟ್ ಇಳಿಸಿ, ನಟ್ ಬಿಚ್ಚಿ, ಆ ಶಾಫ್ಟ್ ಕೂರುವ ಫ್ಲಾಂಜ್ ಎಳೆಯಬೇಕು. ಆ ನಟ್ ಬರೀ ಫ್ಲಾಂಜ್ ಹಿಡಿದುಕೊಂಡಿಲ್ಲ. ಒಳಗೆ ಪಿನಿಯನ್ ಹೊತ್ತಿರುವ ಎರಡು ಟೇಪರ್ ಬೇರಿಂಗ್‌ಗಳ ಬಿಗಿಯೂ ಅದರ ಕೈಯಲ್ಲೇ ಇದೆ. ಬಿಚ್ಚುವ ಮೊದಲು ಗುರುತು ಹಾಕದೆ, ಆಮೇಲೆ ಉದ್ದನೆ ಪೈಪ್ ಸಿಕ್ಕಿಸಿ ಎಳೆದರೆ ಬಿಗಿ ಜಾಸ್ತಿಯಾಗುತ್ತದೆ. ಬೇರಿಂಗ್ ಬಿಸಿಯಾಗಿ ಕೂಗುತ್ತದೆ. ಕಡಿಮೆ ಬಿಗಿ ಮಾಡಿದರೆ ಪಿನಿಯನ್ನೇ ಹಿಂದೆ ಮುಂದೆ ಆಡುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು.

ಹಾಗಂತ ನೇರ ಬಿಚ್ಚಲು ಹೋಗಬೇಡಿ. ಮೊದಲು ಕಿವಿ ಕೊಡಿ. ತುಮಕೂರು ಕಡೆಯ ಹೈವೇಯಲ್ಲಿ ಬೆಳಿಗ್ಗೆ ಬೇಗ ಹೊರಡಿ, ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ರಸ್ತೆ ಬದಲಾದಾಗ ಶಬ್ದ ಬದಲಾದರೆ ಅದು ಟೈರಿನದು. ವಾಹನ ಇಲ್ಲದ ಕಡೆ ಮೆಲ್ಲಗೆ ಎಡಕ್ಕೆ, ಬಲಕ್ಕೆ ತಿರುಗಿಸಿ ನೋಡಿ. ಒಂದು ಕಡೆ ತಿರುಗಿದಾಗ ಮಾತ್ರ ಜೋರಾದರೆ ಚಕ್ರದ ಬೇರಿಂಗ್ ಇರಬಹುದು. ಆಕ್ಸಿಲರೇಟರ್ ಜೊತೆ ಸ್ವರ ಏರಿಳಿದರೆ ಮಾತ್ರ ಹೌಸಿಂಗ್ ಕಡೆ ಬನ್ನಿ. ವಾಪಸ್ ಬಂದ ಕೂಡಲೇ ಪಿನಿಯನ್ ಇರುವ ಮೂತಿಯ ಹತ್ತಿರ ಹುಷಾರಾಗಿ ಬೆರಳು ತಾಗಿಸಿ. ಹೌಸಿಂಗಿನ ಬೇರೆ ಭಾಗ ಬೆಚ್ಚಗಿದ್ದು ಅಲ್ಲಿ ಮಾತ್ರ ಚುರುಕ್ ಅಂದರೆ ಬಿಗಿ ಜಾಸ್ತಿಯಾಗಿದೆ.

ಆಮೇಲೆ ಗಾಡಿ ಎತ್ತಿ ಗಟ್ಟಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಮಲಗಬೇಡಿ, ಕೈಮುಗಿದು ಹೇಳುತ್ತೇನೆ. ಫ್ಲಾಂಜ್ ಹಿಡಿದು ಒಳಗೆ ಹೊರಗೆ, ಮೇಲೆ ಕೆಳಗೆ ಅಲ್ಲಾಡಿಸಿ. ತಿರುಗಿಸಿದಾಗ ಸ್ವಲ್ಪ ಆಟ ಇರುವುದು ಸಹಜ. ಒಳಗೆ ಹೊರಗೆ ಒಂದು ಕೂದಲೆಳೆಯಷ್ಟು ಆಡಿದರೂ ಗಾಡಿ ನಿಲ್ಲಿಸಿ, ಓಡಿಸಬೇಡಿ. ಹಾಗೇ ಓಡಿಸಿದರೆ ಚೆನ್ನಾಗಿರುವ ಹಲ್ಲೂ ಹಾಳಾಗುತ್ತದೆ.

ಆಯಿಲ್ ಇಳಿಸುವ ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚಿ ನೋಡಿಕೊಳ್ಳಿ. ಎಷ್ಟೋ ವರ್ಷದಿಂದ ಮುಟ್ಟದ ಪ್ಲಗ್ ಜಾಮ್ ಆಗಿದ್ದರೆ, ಹಳೇದು ಇಳಿಸಿ ಹೊಸದು ತುಂಬಲಾಗದೆ ಕೂರಬೇಕಾಗುತ್ತದೆ. ಇಳಿದ ಆಯಿಲನ್ನು ಎರಡು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯಿರಿ. ನುಣ್ಣಗಿನ ಬೂದು ಬಣ್ಣ ಇದ್ದರೆ ಹೆದರಬೇಡಿ, ಸವೆತ ಅಷ್ಟು ಇದ್ದೇ ಇರುತ್ತದೆ. ಬೆರಳಿಗೆ ಚುಚ್ಚುವ ಚೂರು, ಚಕ್ಕೆ ಸಿಕ್ಕಿದರೆ ಒಳಗೆ ಏನೋ ಮುರಿದಿದೆ.

ಬಿಗಿ ನೋಡುವ ವಿಧಾನ ನನಗೆ ಹಾಸನದಲ್ಲಿ ಕೆಲಸ ಕಲಿಸಿದ ಮೇಸ್ತ್ರಿ ತೋರಿಸಿದ್ದು. ಆಕ್ಸಲ್ ಎಳೆದು, ಕ್ರೌನ್ ಹೊರತೆಗೆದು, ಪಿನಿಯನ್ ಒಂದೇ ಉಳಿದಾಗ ಫ್ಲಾಂಜ್‌ಗೆ ಗೋಣಿ ಹೊಲಿಯುವ ದಾರ ಸುತ್ತುತ್ತಿದ್ದರು. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ. ಮೆಲ್ಲಗೆ ಎಳೆದರೆ ಪಿನಿಯನ್ ಒಂದೇ ಸಮ ತಿರುಗಬೇಕು, ಮುಳ್ಳು ಒಂದೇ ಕಡೆ ನಿಲ್ಲಬೇಕು. ಮುಳ್ಳು ಹಾರಿದರೆ ಬೇರಿಂಗ್ ಗುಳಿ ಬಿದ್ದಿದೆ ಅಂತ ಲೆಕ್ಕ. ಎಷ್ಟಕ್ಕೆ ನಿಲ್ಲಬೇಕು ಅನ್ನುವುದನ್ನು ಗಾಡಿಯ ವರ್ಕ್‌ಶಾಪ್ ಪುಸ್ತಕ ನೋಡಿಯೇ ಮಾಡಿಸಿ, ಅಂದಾಜು ಬೇಡ. ಒಳಗೆ ಆ ಎರಡು ಬೇರಿಂಗ್ ನಡುವೆ ಅಮುಕುವ ಸ್ಪೇಸರ್ (ಕೊಳವೆ) ಇದ್ದರೆ ಅದನ್ನು ಹೊಸದೇ ಹಾಕಿಸಿ. ಒಮ್ಮೆ ಜಾಸ್ತಿ ಅಮುಕಿದ್ದು ನಟ್ ಸಡಿಲಿಸಿದರೆ ಮೊದಲಿನ ಹಾಗೆ ಆಗುವುದಿಲ್ಲ.

ಜೋಡಿಸುವಾಗ ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಲು ಹೇಳಿ. ಗುರುತು ಹಲ್ಲಿನ ನಡುವೆ ಬೀಳಬೇಕು. ಬುಡದಲ್ಲಿ ಬಿದ್ದರೆ ಪಿನಿಯನ್ ಕ್ರೌನ್‌ಗೆ ತೀರಾ ಹತ್ತಿರ ಇದೆ, ತುದಿಯಲ್ಲಿ ಬಿದ್ದರೆ ದೂರ ಇದೆ.

ಹಲ್ಲು ನಿಜವಾಗಿಯೂ ಮುರಿದಿದ್ದರೆ ಮಾತ್ರ ಸೆಟ್ ಹುಡುಕಿ. ಕಾಂಟೆಸ್ಸಾ ತಯಾರಿಕೆ ನಿಂತಿದ್ದು 2002ರಲ್ಲಿ, ಸೆಟ್ ಸುಲಭಕ್ಕೆ ಸಿಗುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಎರಡೂ ಸುತ್ತಿ. ಒಂದು ಗಾಡಿಯ ಕ್ರೌನ್, ಇನ್ನೊಂದು ಗಾಡಿಯ ಪಿನಿಯನ್ ಯಾರು ಕೊಟ್ಟರೂ ತರಬೇಡಿ. ಅವು ಜೊತೆಯಾಗಿ ಉಜ್ಜಿ ತಯಾರಾದ ಜೋಡಿ. ಎರಡರ ಮೇಲೂ ಒಂದೇ ನಂಬರ್ ಗೀಚಿದೆಯಾ ನೋಡಿ.

ಶಬ್ದ ಅಡಗಲಿ ಅಂತ ದಪ್ಪನೆಯ 140 ಗ್ರೇಡಿನ ಆಯಿಲ್ ತುಂಬಿಕೊಡುವವರೂ ಇದ್ದಾರೆ. ಕೂಗು ಕೆಲವು ದಿನ ಕಡಿಮೆಯಾಗುತ್ತದೆ, ಸವೆತ ನಿಲ್ಲುವುದಿಲ್ಲ. ಪುಸ್ತಕದಲ್ಲಿ ಹೇಳಿದ ಗ್ರೇಡನ್ನೇ ತುಂಬುವ ತೂತಿನ ಅಂಚಿನ ತನಕ ಹಾಕಿಸಿ. ಕೆಲಸ ಮುಗಿದ ಮೇಲೆ 100 ಕಿ.ಮೀ. ನಿಧಾನ ಓಡಿಸಿ, ಮತ್ತೆ ಮೂತಿ ಮುಟ್ಟಿ ನೋಡಿ. ಫ್ಲಾಂಜ್ ಆಡುತ್ತಿತ್ತಾ, ಬಿಸಿಯಾಗಿತ್ತಾ ಅನ್ನುವುದನ್ನು ನನಗೂ ಬರೆಯಿರಿ.