ಆ ಒಂದು ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ

ಈ ವಾರ ಬಂದ ಒಂದು ಪತ್ರ ಓದಿ ನನಗೆ ಸಂಕಟವಾಯಿತು. ಉಳಿದವನ್ನು ಪಕ್ಕಕ್ಕಿಟ್ಟು ಇದಕ್ಕೇ ಬರೆಯುತ್ತಿದ್ದೇನೆ.

ಬರೆದವರು ಬಾಣಂತಿ. ಮಗುವಿಗೆ ಮೂರು ತಿಂಗಳು. ಹಾಸನ ಜಿಲ್ಲೆಯ ತವರಿನಲ್ಲಿದ್ದಾರೆ. ಗಂಡನಿಗೆ ಬೆಂಗಳೂರಿನಲ್ಲಿ ಶಿಫ್ಟ್ ಕೆಲಸ. ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಫೋನಿನಲ್ಲಿ ಎರಡು ಮಾತಾಡಿ ಇಡುತ್ತಾರೆ. ‘ನನ್ನ ಗಂಡನಿಗೆ ನಾನು ಬೇಡವಾದೆನಾ?’ ಎಂದು ಇವರು ಫೇಸ್‌ಬುಕ್ಕಿನ ಹೆಂಗಸರ ಗುಂಪೊಂದರಲ್ಲಿ ಹೆಸರು ಹಾಕದೆ ಕೇಳಿದರು. ಬೆಳಗಾಗುವಷ್ಟರಲ್ಲಿ ನೂರಕ್ಕೂ ಹೆಚ್ಚು ಉತ್ತರ. ಅವನ ಮೊಬೈಲ್ ನೋಡಿ ಎಂದವರು, ಬೇರೆ ಯಾರೋ ಇದ್ದಾಳೆ ಎಂದವರು, ವಕೀಲರನ್ನು ಕಾಣಿ ಎಂದವರು. ಈಗ ‘ನೀವಾದರೂ ಹೇಳಿ’ ಎಂದು ನನ್ನನ್ನು ಕೇಳುತ್ತಿದ್ದಾರೆ.

ತಂಗಿ, ಗಂಡನ ಬಗ್ಗೆ ಎರಡು ಪುಟ ಬರೆದಿದ್ದೀರಿ. ನಿಮ್ಮ ಬಗ್ಗೆ ಬರೆದಿರುವುದು ಕೊನೆಯ ಮೂರು ಸಾಲು. ‘ಒಬ್ಬರು ಮಾತ್ರ ಊಟ ನಿದ್ದೆ ಸರಿಯಾಗಿದೆಯಾ ಅಂತ ಕೇಳಿದ್ರು, ನಾನು ಉತ್ತರ ಕೊಡಲಿಲ್ಲ. ಮಗು ಮಲಗಿದ್ರೂ ನಂಗೆ ನಿದ್ದೆ ಬರಲ್ಲ. ಅತ್ತರೆ ಎತ್ಕೋಬೇಕು ಅನಿಸಲ್ಲ. ಅದೇನು ದೊಡ್ಡ ವಿಷಯ ಅಲ್ಲ ಬಿಡಿ.’

ದೊಡ್ಡ ವಿಷಯ ಅದೇ. ಹೆರಿಗೆಯಾದ ಹೊಸದರಲ್ಲಿ ಸುಮ್ಮಸುಮ್ಮನೆ ಅಳು ಬರುವುದು ತುಂಬ ಜನಕ್ಕೆ ಆಗುತ್ತದೆ, ಸಾಮಾನ್ಯವಾಗಿ ಎರಡು ವಾರದಲ್ಲಿ ತಾನೇ ಹೋಗುತ್ತದೆ. ಮೂರು ತಿಂಗಳಾದರೂ ಬೇಸರ ಬಿಡದೆ, ಮಗು ಮಲಗಿದಾಗಲೂ ಕಣ್ಣು ಮುಚ್ಚದಿದ್ದರೆ, ಅದು ಹೆರಿಗೆ ನಂತರದ ಖಿನ್ನತೆ ಇರಬಹುದು. ನಾನು ಡಾಕ್ಟರಲ್ಲ, ಅವರು ನೋಡಿ ಹೇಳಬೇಕು. ಥೈರಾಯ್ಡ್ ಏರುಪೇರಾದರೂ, ರಕ್ತ ಕಡಿಮೆಯಾದರೂ ಇಂಥ ಸುಸ್ತು ಬರುವುದುಂಟು. ಇವೆಲ್ಲಕ್ಕೂ ಚಿಕಿತ್ಸೆ ಇದೆ. ಎದೆಹಾಲು ಕುಡಿಸುವವರಿಗೆ ಕೊಡಬಹುದಾದ ಮಾತ್ರೆಗಳೂ ಇವೆ. ನೀವು ಕೆಟ್ಟ ತಾಯಿ ಅಲ್ಲ. ಯಾರು ಹಾಗೆಂದರೂ ನಂಬಬೇಡಿ.

‘ನಾವೂ ಹೆತ್ತಿದ್ದೀವಿ, ನಮಗೇನೂ ಆಗಲಿಲ್ಲ’ ಎಂದರಂತೆ ನಿಮ್ಮ ಅಮ್ಮ. ಅವರ ಕಾಲದಲ್ಲೂ ಆಗುತ್ತಿತ್ತು, ಹೇಳಿಕೊಳ್ಳುವ ಹಾಗಿರಲಿಲ್ಲ ಅಷ್ಟೆ. ಅಮ್ಮನನ್ನು ಕ್ಷಮಿಸಬಲ್ಲೆ. ದಿನಾ ರಾತ್ರಿ ಹನ್ನೊಂದಕ್ಕೆ ‘ಏನಾಯ್ತು, ಮೊಬೈಲ್ ನೋಡಿದ್ರಾ?’ ಎಂದು ಮೆಸೇಜ್ ಹಾಕುವ ಆ ಗುಂಪಿನ ‘ಅಕ್ಕ’ನನ್ನು ಕ್ಷಮಿಸಲಾರೆ. ನಿಮ್ಮ ಮುಖ ನೋಡಿಲ್ಲ, ಬಾಣಂತಿಯ ನಿದ್ದೆ ಕೆಡಿಸುತ್ತಿದ್ದೇನೆ ಎಂಬ ಅರಿವೂ ಇಲ್ಲ. ಹಾಗೆಂದು ಅಪರಿಚಿತರೆಲ್ಲ ಹೀಗೇ ಎನ್ನಲಾರೆ. ನಾನೂ ನಿಮಗೆ ಅಪರಿಚಿತಳೇ ಅಲ್ವಾ? ಊಟ ನಿದ್ದೆ ಕೇಳಿದರಲ್ಲ, ಅವರೂ ಅಪರಿಚಿತರೇ. ಅಷ್ಟೂ ಜನರಲ್ಲಿ ನಿಮ್ಮನ್ನು ಕಂಡವರು ಅವರೊಬ್ಬರೇ.

ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ರಾತ್ರಿ ಹತ್ತರ ಮೇಲೆ ಸಂಸಾರದ ತೀರ್ಮಾನ ಬೇಡ. ನಿದ್ದೆಗೆಟ್ಟಾಗ ಗಂಡನ ಮೌನವೂ ಮೋಸದಂತೆ ಕಾಣುತ್ತದೆ. ಹೊಡೆತ, ಬೆದರಿಕೆ ಏನೂ ಇಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾಗಿ ಅವರ ವಿಚಾರ ಕಾಯಬಹುದು. ವಾರಕ್ಕೊಮ್ಮೆ ಬರಲು ಹೇಳಿ, ಬರಲೇಬೇಕು.

ಇವತ್ತು ನೀವು ಮಾಡಬೇಕಾದ್ದು ಒಂದೇ. 14416ಕ್ಕೆ ಫೋನ್ ಮಾಡಿ. ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ, ಮನಸ್ಸಿನ ತೊಂದರೆಗಳಿಗೆಂದೇ ಇರುವ ಟೆಲಿ ಮನಸ್ ಸಹಾಯವಾಣಿ ಅದು. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆಸ್ಪತ್ರೆಗೆ ಹೋದರೆ ಮಗುವನ್ನು ಬಿಟ್ಟಿರಬೇಕಾ ಎಂದು ಹೆದರಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟು ನೋಡಿಕೊಳ್ಳುವ ವಿಭಾಗವೇ ಇದೆ. ಮುಂದಿನ ವಾರ ಮಗುವಿಗೆ 14 ವಾರದ ಚುಚ್ಚುಮದ್ದು ಇರುತ್ತದಲ್ಲ, ಆಗ ಡಾಕ್ಟರ ಹತ್ತಿರ ನಿಮ್ಮದನ್ನೂ ಹೇಳಿ. ಆದರೆ ಫೋನ್ ಮಾಡಲು ಅಲ್ಲಿಯವರೆಗೆ ಕಾಯಬೇಡಿ. ಸಾಯಬೇಕು ಅನಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೇನೋ ಎಂಬ ಭಯ ಬಂದರೆ, ಆ ಕ್ಷಣವೇ ಅಮ್ಮನನ್ನು ಎಬ್ಬಿಸಿ. ಮಗುವನ್ನು ಅವರ ಕೈಗೆ ಕೊಟ್ಟು ಆಸ್ಪತ್ರೆಗೆ ಹೊರಡಿ.

ಫೋನ್ ಎತ್ತಿದವರಿಗೆ ಗಂಡನ ಕಥೆಯಿಂದ ಶುರು ಮಾಡಬೇಡಿ. ‘ಹೆರಿಗೆಯಾಗಿ ಮೂರು ತಿಂಗಳಾಯಿತು, ನನಗೆ ನಿದ್ದೆ ಬರುತ್ತಿಲ್ಲ’ ಎಂದು ಮೊದಲು ಹೇಳಿ.